ರಾಯಚೂರು ದೋಆಬ್ ಸಂಘರ್ಷ ಮತ್ತು ಚಾರಿತ್ರಿಕ ಸ್ಮೃತಿ

ರಾಯಚೂರು ದೋಆಬ್ ಎಂಬುದು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಭೂಭಾಗ. ಹದಿನಾಲ್ಕನೆಯ ಶತಮಾನದಿಂದ ಹದಿನಾರನೆಯ ಶತಮಾನದವರೆಗೆ ಈ ನೆಲಕ್ಕಾಗಿ ವಿಜಯನಗರದ ಅರಸರಿಗೂ ಬಹಮನಿ ಸುಲ್ತಾನರಿಗೂ, ಬಳಿಕ ವಿಜಾಪುರದ ಆದಿಲ್‌ಶಾಹಿಗಳಿಗೂ ಪದೇ ಪದೇ ಯುದ್ಧಗಳು ನಡೆದವು. ಇಪ್ಪತ್ತನೆಯ ಶತಮಾನದಲ್ಲಿ ಇದೇ ಪ್ರದೇಶ ಹೈದರಾಬಾದ್ ಸಂಸ್ಥಾನದ ವಿಲೀನ, ಭಾಷಾವಾರು ಪ್ರಾಂತ ರಚನೆ ಮತ್ತು ನದಿನೀರಿನ ವಿವಾದಗಳಿಗೆ ಸಾಕ್ಷಿಯಾಯಿತು. ಗತಕಾಲದ ಬಗೆಗಿನ ಸಾಮೂಹಿಕ ನೆನಪು ಒಂದು ನೆಲದ ಮೇಲಿನ ಹಕ್ಕೊತ್ತಾಯಕ್ಕೆ ಜನಬೆಂಬಲವನ್ನು ಹೇಗೆ ಒದಗಿಸುತ್ತದೆ, ಯಾವಾಗ ಒದಗಿಸುವುದಿಲ್ಲ ಎಂಬುದನ್ನು ಅರಿಯಲು ಈ ಪ್ರದೇಶ ಉತ್ತಮ ನಿದರ್ಶನವಾಗಿದೆ.

ಭೌಗೋಳಿಕ ಹಿನ್ನೆಲೆ

'ದೋಆಬ್' ಪಾರಸಿ ಮೂಲದ ಪದ. ಎರಡು ನೀರುಗಳ ನಡುವಿನ ನಾಡು ಎಂಬುದು ಅದರ ಅರ್ಥ. ತೆಲುಗಿನಲ್ಲಿ ಇದರ ಪೂರ್ವಭಾಗವನ್ನು 'ನಡಿಗಡ್ಡ' ಎಂದು ಕರೆಯುತ್ತಾರೆ. ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ ಇದರ ಎಲ್ಲೆಗಳು. ಇಂದಿನ ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಬಹುಭಾಗ ಹಾಗೂ ತೆಲಂಗಾಣದ ಗದ್ವಾಲ ಮತ್ತು ಆಲಂಪುರ ಪ್ರದೇಶಗಳು ಇದರಲ್ಲಿ ಸೇರುತ್ತವೆ. ರಾಯಚೂರು, ದೇವದುರ್ಗ, ಮಾನ್ವಿ, ಸಿಂಧನೂರು, ಲಿಂಗಸುಗೂರು, ಮುದಗಲ್ಲು ಮತ್ತು ಮಸ್ಕಿ ಇಲ್ಲಿನ ಮುಖ್ಯ ಊರುಗಳು. ದೇವದುರ್ಗ ಕೃಷ್ಣೆಯ ಕಡೆಗೂ ಮಾನ್ವಿ ತುಂಗಭದ್ರೆಯ ಕಡೆಗೂ ಇವೆ.

ಎರೆಭೂಮಿ, ಎರಡು ನದಿಗಳ ದಾಟುಗಳ ಮೇಲಿನ ಹಿಡಿತ, ಕಲ್ಲಿನ ಬೆಟ್ಟಗಳ ಮೇಲಿನ ಕೋಟೆಗಳು ಮತ್ತು ಹಟ್ಟಿ ಭಾಗದ ಚಿನ್ನದ ನಿಕ್ಷೇಪ ಈ ನಾಡಿಗೆ ಬೆಲೆ ತಂದವು. ಮಸ್ಕಿಯಲ್ಲಿ 1915ರಲ್ಲಿ ದೊರೆತ ಅಶೋಕನ ಶಾಸನವು 'ದೇವಾನಾಂಪ್ರಿಯ' ಎಂಬ ಬಿರುದಿನೊಂದಿಗೆ ಅಶೋಕನ ಹೆಸರನ್ನೂ ಉಲ್ಲೇಖಿಸುವುದರಿಂದ ಪ್ರಸಿದ್ಧವಾಗಿದೆ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರಿಗೂ ಚೋಳರಿಗೂ ಮುಶಂಗಿಯಲ್ಲಿ ನಡೆದ ಕಾಳಗದ ಸ್ಥಳವನ್ನು ಹಲವು ವಿದ್ವಾಂಸರು ಮಸ್ಕಿಯೆಂದೇ ಗುರುತಿಸಿದ್ದಾರೆ. ಹೀಗೆ ಈ ಗಡಿನಾಡಿನ ಪೈಪೋಟಿ ವಿಜಯನಗರಕ್ಕಿಂತಲೂ ಹಳೆಯದು.

ಪರಿಕಲ್ಪನೆ

ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್ 1925ರಲ್ಲಿ ಪ್ರಕಟಿಸಿದ ತನ್ನ ಕೃತಿಯಲ್ಲಿ, ನೆನಪು ಕೇವಲ ವ್ಯಕ್ತಿಯ ಸ್ವತ್ತಲ್ಲ, ಕುಟುಂಬ, ಮತ, ವರ್ಗ ಮುಂತಾದ ಸಾಮಾಜಿಕ ಚೌಕಟ್ಟುಗಳ ಒಳಗೆ ಅದು ರೂಪುಗೊಳ್ಳುತ್ತದೆ ಎಂದು ವಾದಿಸಿದ. ಮನೋವೈದ್ಯ ವಾಮಿಕ್ ವೋಲ್ಕನ್ ಇದಕ್ಕೆ ಎರಡು ಪರಿಭಾಷೆಗಳನ್ನು ಸೇರಿಸಿದರು: 'ಆಯ್ದ ವೈಭವ' ಮತ್ತು 'ಆಯ್ದ ಆಘಾತ'. ಒಂದು ಸಮುದಾಯ ತನ್ನ ಗತಕಾಲದ ಅಸಂಖ್ಯ ಘಟನೆಗಳಲ್ಲಿ ಕೆಲವನ್ನು ಮಾತ್ರ ಆರಿಸಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತದೆ. ಬಿಕ್ಕಟ್ಟಿನ ಸಮಯದಲ್ಲಿ ನಾಯಕರು ಅವನ್ನು ಮತ್ತೆ ಜಾಗೃತಗೊಳಿಸುತ್ತಾರೆ ಎಂಬುದು ಈ ಚಿಂತನೆಯ ಸಾರ.

ಇಂಥ ಸ್ಮೃತಿಯು ಪ್ರಾದೇಶಿಕ ಹಕ್ಕೊತ್ತಾಯಕ್ಕೆ ಸಾಮಾನ್ಯವಾಗಿ ಮೂರು ಬಗೆಯಲ್ಲಿ ನೆರವಾಗುತ್ತದೆ. ಮೊದಲನೆಯದು ವಾರಸುದಾರಿಕೆ: 'ಇದು ಹಿಂದೆ ನಮ್ಮದಾಗಿತ್ತು' ಎಂಬ ವಾದ. ಎರಡನೆಯದು ಋಣ: ಹಿರಿಯರು ಮುಗಿಸದೆ ಬಿಟ್ಟ ಕಾರ್ಯವನ್ನು ಪೂರೈಸಬೇಕೆಂಬ ಭಾವನೆ. ಮೂರನೆಯದು ಅನ್ಯಾಯದ ಪ್ರಜ್ಞೆ: ನಮಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬ ಕೊರಗು. ಈ ಮೂರೂ ರಾಯಚೂರಿನ ಇತಿಹಾಸದಲ್ಲಿ ಕಾಣಸಿಗುತ್ತವೆ.

ಮಧ್ಯಯುಗದ ಸಂಘರ್ಷ

ವಿಜಯನಗರ 1336ರಲ್ಲಿ, ಬಹಮನಿ ರಾಜ್ಯ 1347ರಲ್ಲಿ ಸ್ಥಾಪನೆಯಾದವು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಕಾಲಗಣನೆ. ಒಂದನೆಯ ಬುಕ್ಕರಾಯ ಮತ್ತು ಒಂದನೆಯ ಮುಹಮ್ಮದ್ ಷಾನ ಕಾಲದಲ್ಲಿಯೇ ಮುದಗಲ್ಲಿನ ಕೋಟೆಗಾಗಿ ಕಾಳಗವಾಯಿತು. ಒಂದನೆಯ ದೇವರಾಯ ಮತ್ತು ಫಿರೋಜ್ ಷಾ, ಎರಡನೆಯ ದೇವರಾಯ ಮತ್ತು ಎರಡನೆಯ ಅಲ್ಲಾವುದ್ದೀನ್ ಅಹಮದ್ ಷಾ ಇವರ ನಡುವೆಯೂ ಯುದ್ಧಗಳು ಮುಂದುವರಿದವು.

ಈ ಯುದ್ಧಗಳ ವಿವರಗಳಲ್ಲಿ ಬಹುಪಾಲು ನಮಗೆ ದೊರೆಯುವುದು ಫೆರಿಷ್ತಾನ ಬರಹದಿಂದ. ಆತ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ, ಮೊದಲ ಯುದ್ಧಗಳು ನಡೆದು ಎರಡು ಶತಮಾನಗಳಿಗೂ ಹೆಚ್ಚು ಕಾಲ ಸಂದ ಮೇಲೆ ಬರೆದವನು. ಗಾಯಕರಿಗೆ ಕೊಡಬೇಕಾದ ಹಣವನ್ನು ವಿಜಯನಗರದ ಬೊಕ್ಕಸದಿಂದ ಪಡೆಯುವಂತೆ ಸುಲ್ತಾನ ಆಜ್ಞಾಪತ್ರ ಬರೆದದ್ದು, ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ದೇವರಾಯ ದಂಡೆತ್ತಿ ಬಂದದ್ದು ಮೊದಲಾದ ಕಥನಗಳು ಅವನ ಗ್ರಂಥದಿಂದಲೇ ಪ್ರಚಾರಕ್ಕೆ ಬಂದವು. ಹೀಗಾಗಿ ಅವನ ಬರಹವನ್ನು ಘಟನೆಗಳ ದಾಖಲೆಯಾಗಿಯೂ, ಆ ಹೊತ್ತಿಗಾಗಲೇ ರೂಪುಗೊಂಡಿದ್ದ ಆಸ್ಥಾನದ ಸ್ಮೃತಿಯಾಗಿಯೂ ಓದಬೇಕಾಗುತ್ತದೆ.

ಸಾಳುವ ನರಸಿಂಹನ ಉಯಿಲು ಮತ್ತು 1520ರ ಯುದ್ಧ

ನೆನಪು ಯುದ್ಧಕ್ಕೆ ಕಾರಣವಾದ ಬಗೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್‌ನ ವರದಿ ಸ್ಪಷ್ಟವಾಗಿ ಹೇಳುತ್ತದೆ. ಅವನ ಪ್ರಕಾರ ಸಾಳುವ ನರಸಿಂಹ ಮರಣಕಾಲದಲ್ಲಿ, ತಾನು ಗೆಲ್ಲಲಾಗದೆ ಉಳಿದ ಮೂರು ಕೋಟೆಗಳನ್ನು ತನ್ನ ನಂತರದವರು ಗೆಲ್ಲಬೇಕೆಂದು ವಿಧಿಸಿದ್ದ. ಅವುಗಳಲ್ಲಿ ರಾಯಚೂರು ಮತ್ತು ಉದಯಗಿರಿ ಸೇರಿದ್ದವು. ಮುಂದೆ ಪಟ್ಟಕ್ಕೆ ಬಂದ ಕೃಷ್ಣದೇವರಾಯ ಸಾಳುವ ವಂಶದವನಲ್ಲ, ತುಳುವ ವಂಶದವನು. ಆದರೂ ಹಿಂದಿನ ವಂಶದ ಅರಸನ ಕೊನೆಯಾಸೆಯನ್ನು ತನ್ನ ಕರ್ತವ್ಯವೆಂದು ಪರಿಗಣಿಸಿದ. ರಕ್ತಸಂಬಂಧವಿಲ್ಲದ ಕಡೆ ಈ ಋಣದ ಸ್ವೀಕಾರವೇ ಸಿಂಹಾಸನದ ವಾರಸುದಾರಿಕೆಯನ್ನು ದೃಢಪಡಿಸುವಂತಿತ್ತು.

ತಕ್ಷಣದ ಕಾರಣ ಮಾತ್ರ ಬೇರೆಯಾಗಿತ್ತು. ಗೋವೆಯಲ್ಲಿ ಕುದುರೆಗಳನ್ನು ಕೊಳ್ಳಲು 40,000 ಪರ್ದಾವುಗಳೊಂದಿಗೆ ಕಳುಹಿಸಲಾಗಿದ್ದ ವ್ಯಾಪಾರಿಯೊಬ್ಬ ಹಣದೊಂದಿಗೆ ಆದಿಲ್ ಷಾನ ಆಶ್ರಯಕ್ಕೆ ಓಡಿಹೋದನೆಂದೂ, ಅವನನ್ನು ಒಪ್ಪಿಸಲಿಲ್ಲವೆಂಬುದೇ ದಂಡಯಾತ್ರೆಗೆ ನೆಪವಾಯಿತೆಂದೂ ನೂನಿಜ್ ಬರೆಯುತ್ತಾನೆ. ದೀರ್ಘಕಾಲದ ನೆನಪು ಗುರಿಯನ್ನು ಒದಗಿಸಿತು; ಸದ್ಯದ ಅವಮಾನ ಅವಕಾಶವನ್ನು ಒದಗಿಸಿತು.

ರಾಬರ್ಟ್ ಸಿವೆಲ್‌ನ ಗಣನೆಯಂತೆ 1520ರ ಮೇ 19ರಂದು ನಡೆದ ಕಾಳಗದಲ್ಲಿ ಇಸ್ಮಾಯಿಲ್ ಆದಿಲ್ ಷಾ ಸೋತು ಕೃಷ್ಣೆಯನ್ನು ದಾಟಿ ಹಿಂದೆ ಸರಿದ. ಬಳಿಕ ಕ್ರಿಸ್ತೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುಧಾರಿಗಳ ನೆರವಿನಿಂದ ರಾಯಚೂರು ಕೋಟೆ ವಿಜಯನಗರದ ವಶವಾಯಿತು. ಸೋತ ಸುಲ್ತಾನ ಬಂದು ತನ್ನ ಪಾದವನ್ನು ಚುಂಬಿಸಿದರೆ ಗೆದ್ದ ನೆಲವನ್ನು ಹಿಂತಿರುಗಿಸುವುದಾಗಿ ರಾಯ ಹೇಳಿದನೆಂದೂ ನೂನಿಜ್ ದಾಖಲಿಸಿದ್ದಾನೆ. ಆ ಭೇಟಿ ನಡೆಯಲಿಲ್ಲ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ ಕೂಡಲೇ ಆದಿಲ್ ಷಾ ರಾಯಚೂರು ಮತ್ತು ಮುದಗಲ್ಲುಗಳನ್ನು ಮರಳಿ ಗೆದ್ದುಕೊಂಡ. 1565ರ ಜನವರಿಯ ತಾಳಿಕೋಟೆ ಯುದ್ಧಕ್ಕೆ ಹಿನ್ನೆಲೆಯಾದ ಬಿಕ್ಕಟ್ಟುಗಳಲ್ಲಿಯೂ ಈ ದೋಆಬಿನ ಪ್ರಶ್ನೆ ಜೀವಂತವಾಗಿತ್ತು.

ಆ ಕಾಲದ ಬೆಂಬಲವನ್ನು ಇಂದಿನ ಅರ್ಥದ ಜನಾಭಿಪ್ರಾಯವೆಂದು ತಿಳಿಯಬಾರದು. ಸೈನ್ಯ ಕೂಡಿಸಿದವರು ಅಮರನಾಯಕರು. ಅವರ ನಿಷ್ಠೆಗೆ ಭೂಮಿ, ಲೂಟಿಯ ಪಾಲು ಮತ್ತು ಗೌರವಗಳು ಆಧಾರವಾಗಿದ್ದವು. ವಿಜಯನಗರದ ದಂಡಿನಲ್ಲಿ ಮುಸ್ಲಿಂ ಯೋಧರಿದ್ದರು. ಸುಲ್ತಾನರ ಸೇವೆಯಲ್ಲಿ ಹಿಂದೂ ಸರದಾರರೂ ಇದ್ದರು.

ಕಲ್ಲಿನಲ್ಲಿ ಉಳಿದ ಸ್ಮೃತಿ

ರಾಯಚೂರು ಕೋಟೆಯೇ ಪದರು ಪದರಾದ ನೆನಪಿನ ಕಟ್ಟಡ. ಅದರ ಒಳಗೋಡೆಯಲ್ಲಿರುವ ಸುಮಾರು 41 ಅಡಿ ಉದ್ದದ ಚಪ್ಪಡಿಯ ಮೇಲೆ 1294ರ ತೆಲುಗು ಶಾಸನವಿದೆ. ಕಾಕತೀಯ ರುದ್ರಮದೇವಿಯ ಅಧೀನದ ಗೋರೆ ಗನ್ನಯ್ಯ ರೆಡ್ಡಿಯ ಪರವಾಗಿ ವಿಠಲನಾಥ ಈ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಆ ಭಾರಿ ಕಲ್ಲನ್ನು ಬಂಡಿಯ ಮೇಲೆ ಹೇರಿ ಸಾಗಿಸುತ್ತಿರುವ ದೃಶ್ಯವನ್ನೂ ಗೋಡೆಯಲ್ಲಿ ಕೆತ್ತಲಾಗಿದೆ. ಮುಂದಿನ ಅರಸರು ಹೊರಗೋಡೆ, ದರ್ವಾಜಾಗಳನ್ನು ಸೇರಿಸಿದರು; ಪಾರಸಿ ಶಾಸನಗಳನ್ನು ಹಾಕಿಸಿದರು. ನವರಂಗ ದರ್ವಾಜಾದಲ್ಲಿ ವಿಜಯನಗರ ಶೈಲಿಯ ಉಬ್ಬುಶಿಲ್ಪಗಳಿವೆ. ಗೆದ್ದವರು ಸೋತವರ ಗುರುತುಗಳನ್ನು ಪೂರ್ತಿ ಅಳಿಸದೆ ತಮ್ಮ ಗುರುತನ್ನು ಪಕ್ಕದಲ್ಲಿ ಸೇರಿಸಿದ್ದು ಇಲ್ಲಿ ಎದ್ದುಕಾಣುತ್ತದೆ.

ಇತಿಹಾಸಕಾರರಾದ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಲ್ಯಾಣ, ರಾಯಚೂರು ಮತ್ತು ವಾರಂಗಲ್ ಎಂಬ ಮೂರು ಸ್ಥಳಗಳನ್ನು ಅಧಿಕಾರ, ಸ್ಮೃತಿ ಮತ್ತು ವಾಸ್ತುಶಿಲ್ಪದ ದೃಷ್ಟಿಯಿಂದ ಪರಿಶೀಲಿಸಿದ್ದಾರೆ. ಅಳಿಯ ರಾಮರಾಯ ಕಲ್ಯಾಣದ ಚಾಲುಕ್ಯರ ನೆನಪನ್ನು ತನ್ನ ಅಧಿಕಾರದ ಸಮರ್ಥನೆಗೆ ಬಳಸಿಕೊಂಡನೆಂಬುದು ಅವರ ವಾದಗಳಲ್ಲಿ ಒಂದು.

ಆಧುನಿಕ ಕಾಲದಲ್ಲಿ ಸ್ಮೃತಿಯ ಮರುನಿರ್ಮಾಣ

1686ರಲ್ಲಿ ವಿಜಾಪುರ ಮೊಗಲರ ವಶವಾಯಿತು. ಹದಿನೆಂಟನೆಯ ಶತಮಾನದಲ್ಲಿ ದೋಆಬ್ ಹೈದರಾಬಾದಿನ ನಿಜಾಮರ ಆಡಳಿತಕ್ಕೆ ಸೇರಿತು. 1853ರ ಒಪ್ಪಂದದಂತೆ ನಿಜಾಮರು ಬೀರಾರಿನೊಂದಿಗೆ ರಾಯಚೂರು ದೋಆಬನ್ನೂ ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಿದರು. 1860ರಲ್ಲಿ ಅದು ಹಿಂತಿರುಗಿತು. ಈ ನಡುವೆ, 1858ರಲ್ಲಿ, ನೆರೆಯ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಬಂಡೆದ್ದ. ದೇವದುರ್ಗವೂ ಬೇಡ ನಾಯಕರ ನೆಲೆಯಾಗಿದ್ದುದರಿಂದ ಈ ಭಾಗದ ಜನಮನದಲ್ಲಿ ಸುರಪುರದ ನೆನಪಿಗೆ ಪ್ರತ್ಯೇಕ ಸ್ಥಾನವಿದೆ.

ಸಿವೆಲ್‌ನ ಕೃತಿ 1900ರಲ್ಲಿ ಪ್ರಕಟವಾಗಿ ನೂನಿಜ್ ಮತ್ತು ಪಾಯೆಸ್‌ರ ವರದಿಗಳನ್ನು ಇಂಗ್ಲಿಷಿಗೆ ತಂದಿತು. ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' 1917ರಲ್ಲಿ ಹೊರಬಂದಿತು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಸ್ಮರಣೋತ್ಸವ ನಡೆಯಿತು. ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಹಿಂದೆ ಒಂದಾಗಿದ್ದವು ಎಂಬ ನೆನಪು ಏಕೀಕರಣ ಚಳವಳಿಗೆ ಬಲ ನೀಡಿತು. ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮರ ರಾಜ್ಯದೊಳಗೆ, 1934ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಜರುಗಿದುದು ಗಮನಾರ್ಹ.

ಆದರೆ ವಿಜಯನಗರದ ನೆನಪಿಗೆ ಒಬ್ಬರೇ ವಾರಸುದಾರರಿರಲಿಲ್ಲ. ಕೃಷ್ಣದೇವರಾಯ 'ಆಮುಕ್ತಮಾಲ್ಯದ'ವನ್ನು ರಚಿಸಿದ್ದು ತೆಲುಗಿನಲ್ಲಿ; ಆಂಧ್ರರಿಗೂ ಅವನು ತಮ್ಮ ಅರಸನೇ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ತುಂಗಭದ್ರೆಯ ಆಚೆಗಿನ ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಉಳಿಯಿತು. ಒಂದೇ ಸ್ಮೃತಿ ಎರಡು ಪರಸ್ಪರ ವಿರುದ್ಧ ಹಕ್ಕೊತ್ತಾಯಗಳನ್ನು ಪೋಷಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

1948 ಮತ್ತು ಅದರ ನೆನಪು

1947ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಕಾಸಿಂ ರಜ್ವಿಯ ನೇತೃತ್ವದ ರಜಾಕಾರರ ಹಾವಳಿ ಹೆಚ್ಚಿತು. ಗಡಿಯಾಚೆಯ ಮುಂಡರಗಿ, ಗಜೇಂದ್ರಗಡ ಮೊದಲಾದೆಡೆ ಹೋರಾಟಗಾರರ ಶಿಬಿರಗಳು ಸ್ಥಾಪನೆಯಾದವು. ಮುಂಡರಗಿ ಶಿಬಿರವನ್ನು ಅಳವಂಡಿ ಶಿವಮೂರ್ತಿಸ್ವಾಮಿ ಮುನ್ನಡೆಸಿದರು. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಭಾರತೀಯ ಸೇನಾ ಕಾರ್ಯಾಚರಣೆ 17ರಂದು ನಿಜಾಮನ ಶರಣಾಗತಿಯೊಂದಿಗೆ ಮುಕ್ತಾಯವಾಯಿತು.

ಈ ಘಟನೆಯ ನೆನಪು ಎಲ್ಲರಿಗೂ ಒಂದೇ ಆಗಿಲ್ಲ. ಬಹುಜನರಿಗೆ ಅದು ರಜಾಕಾರರ ಭಯದಿಂದ ದೊರೆತ ಬಿಡುಗಡೆ. ಕಾರ್ಯಾಚರಣೆಯ ಬಳಿಕ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ನಡೆದ ಹಿಂಸಾಚಾರದ ನೆನಪು ಬೇರೆ ಮನೆಗಳಲ್ಲಿ ಉಳಿಯಿತು. ಅದನ್ನು ಪರಿಶೀಲಿಸಿದ ಪಂಡಿತ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದು ನೆನಪು ಸಾರ್ವಜನಿಕ ಆಚರಣೆಯಾಯಿತು, ಇನ್ನೊಂದು ಮನೆಯೊಳಗಿನ ಮಾತಾಗಿ ಉಳಿಯಿತು.

ಸೆಪ್ಟೆಂಬರ್ 17ರ ಹೆಸರಿನ ಸುತ್ತಲೇ ಇಂದಿಗೂ ಚರ್ಚೆಯಿದೆ. ಕರ್ನಾಟಕದಲ್ಲಿ ಅದು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿ ಪ್ರಸಿದ್ಧವಾಗಿತ್ತು. 2019ರಲ್ಲಿ ಪ್ರದೇಶಕ್ಕೆ 'ಕಲ್ಯಾಣ ಕರ್ನಾಟಕ' ಎಂಬ ಹೆಸರಿಟ್ಟ ಮೇಲೆ ಕಲ್ಯಾಣ ಕರ್ನಾಟಕ ಉತ್ಸವ ದಿನವೆಂಬ ಹೆಸರು ಬಳಕೆಗೆ ಬಂದಿತು. ನಿಜಾಮರ ರಾಜಧಾನಿಯ ಹೆಸರಿನ ಬದಲು ಚಾಲುಕ್ಯರ ಹಾಗೂ ಶರಣರ ಕಲ್ಯಾಣದ ಹೆಸರನ್ನು ಆರಿಸಿದ್ದೂ ಸ್ಮೃತಿಯ ಆಯ್ಕೆಯೇ. 2022ರಲ್ಲಿ ತೆಲಂಗಾಣದಲ್ಲಿ ಕೇಂದ್ರ ಸರ್ಕಾರ ಇದೇ ದಿನವನ್ನು ವಿಮೋಚನಾ ದಿನವೆಂದೂ, ರಾಜ್ಯ ಸರ್ಕಾರ ರಾಷ್ಟ್ರೀಯ ಏಕತಾ ದಿನವೆಂದೂ ಪ್ರತ್ಯೇಕವಾಗಿ ಆಚರಿಸಿದವು.

ಗಡಿ ಮರುವಿಂಗಡಣೆ ಮತ್ತು ರಾಜೋಳಿಬಂಡಾ

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಶತಮಾನಗಳಿಂದ ಒಂದೇ ಘಟಕವೆನಿಸಿದ್ದ ದೋಆಬ್ ಭಾಷೆಯ ಆಧಾರದಲ್ಲಿ ಇಬ್ಭಾಗವಾಯಿತು.

ಇದರ ಪರಿಣಾಮ ಮಾನ್ವಿ ತಾಲ್ಲೂಕಿನ ರಾಜೋಳಿಬಂಡಾದಲ್ಲಿ ಕಾಣುತ್ತದೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಆರಂಭವಾದ ಈ ತಿರುವು ಯೋಜನೆಯ ಒಡ್ಡು ಕರ್ನಾಟಕದಲ್ಲಿದೆ. ಅಚ್ಚುಕಟ್ಟಿನ ಬಹುಭಾಗ ಗದ್ವಾಲ ಮತ್ತು ಆಲಂಪುರದಲ್ಲಿದೆ. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಾಧಿಕರಣ ಈ ಯೋಜನೆಗೆ 17.1 ಟಿಎಂಸಿ ನೀರನ್ನು ನಿಗದಿಪಡಿಸಿತು. ಅದರಲ್ಲಿ ಕರ್ನಾಟಕದ ಪಾಲು 1.2 ಟಿಎಂಸಿ, ಉಳಿದ 15.9 ಟಿಎಂಸಿ ಆಂಧ್ರಪ್ರದೇಶದ ಪಾಲು. ಕಾಲುವೆಯ ಕೊನೆಯ ರೈತರಿಗೆ ಪೂರ್ಣ ನೀರು ತಲುಪುತ್ತಿಲ್ಲವೆಂಬ ದೂರು ತೆಲಂಗಾಣ ಚಳವಳಿಯ ಮುಖ್ಯ ವಿಷಯಗಳಲ್ಲಿ ಒಂದಾಯಿತು. 2003ರಲ್ಲಿ ಕೆ. ಚಂದ್ರಶೇಖರ ರಾವ್ ಈ ವಿಷಯವನ್ನೇ ಮುಂದಿಟ್ಟು ಆಲಂಪುರದಿಂದ ಗದ್ವಾಲಕ್ಕೆ ಪಾದಯಾತ್ರೆ ನಡೆಸಿದರು. ಅಲ್ಲಿ ಜನರನ್ನು ಒಗ್ಗೂಡಿಸಿದ್ದು ಕೋಟೆ ಕೊತ್ತಲಗಳ ನೆನಪಲ್ಲ, ತಮ್ಮ ಪಾಲಿನ ನೀರು ಬರಲಿಲ್ಲವೆಂಬ ಒಂದೆರಡು ತಲೆಮಾರುಗಳ ನೆನಪು. 2014ರಲ್ಲಿ ತೆಲಂಗಾಣ ರಾಜ್ಯ ಅಸ್ತಿತ್ವಕ್ಕೆ ಬಂದಿತು.

ಹಿಂದುಳಿದಿರುವಿಕೆಯ ಪ್ರಜ್ಞೆ

ಕರ್ನಾಟಕದ ಭಾಗದಲ್ಲಿಯೂ ಅನ್ಯಾಯದ ಪ್ರಜ್ಞೆ ಬೆಳೆದಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, 39ನ್ನು ಅತ್ಯಂತ ಹಿಂದುಳಿದವುಗಳ ಗುಂಪಿಗೆ ಸೇರಿಸಿತು. ದೇವದುರ್ಗ ಆ ಗುಂಪಿನಲ್ಲಿತ್ತು. ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿ ಜಾರಿಗೆ ಬಂದು, ಈ ಪ್ರದೇಶಕ್ಕೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿ ಹಾಗೂ ಪ್ರತ್ಯೇಕ ಅಭಿವೃದ್ಧಿ ಮಂಡಳಿ ದೊರೆತವು.

2021ರಲ್ಲಿ ರಾಯಚೂರಿನ ಶಾಸಕರೊಬ್ಬರು ತಮ್ಮ ಭಾಗವನ್ನು ತೆಲಂಗಾಣಕ್ಕೆ ಸೇರಿಸುವ ಮಾತನ್ನಾಡಿದ್ದು ವ್ಯಾಪಕ ಚರ್ಚೆಗೆ ಗುರಿಯಾಯಿತು. ಅಭಿವೃದ್ಧಿಯ ಅಲಕ್ಷ್ಯದ ಬಗೆಗಿನ ಬೇಸರ ಅದರ ಹಿನ್ನೆಲೆಯಾಗಿತ್ತು. ಆದರೆ ಅದು ಜನಾಂದೋಲನವಾಗಿ ಬೆಳೆಯಲಿಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಆರಂಭವಾದ ಧರಣಿ ಮಾತ್ರ ದೀರ್ಘಕಾಲ ನಡೆಯಿತು. ನೆಲದ ಎಲ್ಲೆ ಬದಲಾಗಲಿ ಎಂಬುದಕ್ಕಿಂತ, ಇರುವ ಎಲ್ಲೆಯೊಳಗೆ ಸಮಪಾಲು ಸಿಗಲಿ ಎಂಬ ಬೇಡಿಕೆಗೆ ಹೆಚ್ಚು ಬೆಂಬಲ ದೊರೆತುದನ್ನು ಇದು ಸೂಚಿಸುತ್ತದೆ.

ಯುದ್ಧೇತರ ಸ್ಮೃತಿಗಳು

ಈ ನಾಡಿನ ನೆನಪೆಲ್ಲ ಯುದ್ಧದ್ದಲ್ಲ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿಯೂ, ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿಯೂ ಜನಿಸಿದರು. 'ಹರಿಕಥಾಮೃತಸಾರ'ದ ಕರ್ತೃ ಜಗನ್ನಾಥದಾಸರ ಕರ್ಮಭೂಮಿ ಮಾನ್ವಿ. ಆದಿಲ್‌ಶಾಹಿಗಳ ಪತನದ ಕಾಲದಿಂದ ನಿಜಾಮರ ಆಳ್ವಿಕೆಯವರೆಗಿನ ಅವಧಿಯಲ್ಲಿ ಈ ಮೂವರು ಬಾಳಿದರು. ಅರಸರು ಬದಲಾದರೂ ಕನ್ನಡ ಕೀರ್ತನ ಪರಂಪರೆ ಮುಂದುವರಿಯಿತು.

ಮುದಗಲ್ಲಿನ ಮೊಹರಂ ಹಿಂದೂ ಮುಸ್ಲಿಮರಿಬ್ಬರೂ ಪಾಲ್ಗೊಳ್ಳುವ ಆಚರಣೆಯಾಗಿ ಹೆಸರಾಗಿದೆ. ರಾಯಚೂರಿನ ಹಮದರ್ದ್ ಶಾಲೆಯ ಸ್ಥಾಪಕ ಪಂಡಿತ ತಾರಾನಾಥರು ಮತಸಾಮರಸ್ಯಕ್ಕಾಗಿ ಶ್ರಮಿಸಿದರು. ನಗರದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ದಿನಬಳಕೆಯಲ್ಲಿವೆ. ಗಡಿಯ ಎರಡೂ ಕಡೆಯವರಿಗೆ ನೆಂಟಸ್ತನ, ಸಂತೆ, ಮಂತ್ರಾಲಯದ ಯಾತ್ರೆ ಇವು ಸಾಮಾನ್ಯ ಅನುಭವಗಳು.

ಜಾಗತಿಕ ಹೋಲಿಕೆಗಳು

ಸರ್ಬಿಯಾದಲ್ಲಿ 1389ರ ಕೊಸೊವೊ ಯುದ್ಧದ ನೆನಪನ್ನು ಅದರ ಆರುನೂರನೆಯ ವರ್ಷವಾದ 1989ರಲ್ಲಿ ಸ್ಲೊಬೊಡನ್ ಮಿಲೊಸೆವಿಚ್ ರಾಜಕೀಯ ವೇದಿಕೆಗೆ ತಂದರು. ಮುಂದಿನ ದಶಕ ಆ ಪ್ರದೇಶದಲ್ಲಿ ರಕ್ತಪಾತದ ದಶಕವಾಯಿತು. 1871ರಲ್ಲಿ ಜರ್ಮನಿಗೆ ಹೋದ ಅಲ್ಸಾಸ್ ಲೊರೇನ್ ಪ್ರಾಂತದ ನಷ್ಟವನ್ನು ಫ್ರಾನ್ಸಿನ ಶಾಲೆಗಳು ಒಂದು ತಲೆಮಾರಿನ ಮಕ್ಕಳಿಗೆ ಕಲಿಸಿದವು. ಎರಡನೆಯ ಮಹಾಯುದ್ಧದ ನಂತರ ಅದೇ ಪ್ರಾಂತದ ಸ್ಟ್ರಾಸ್‌ಬರ್ಗ್ ಐರೋಪ್ಯ ಸಂಸ್ಥೆಗಳ ನೆಲೆಯಾಯಿತು. ಒಂದೇ ಬಗೆಯ ನೆನಪು ಭಿನ್ನ ರಾಜಕೀಯ ಸನ್ನಿವೇಶಗಳಲ್ಲಿ ಭಿನ್ನ ಫಲ ನೀಡುತ್ತದೆ.

ವಿದ್ವತ್ ಚರ್ಚೆ ಮತ್ತು ಮಿತಿಗಳು

ದೋಆಬಿನ ಯುದ್ಧಗಳನ್ನು ಎರಡು ಮತಗಳ ಸಂಘರ್ಷವೆಂದು ಕಾಣುವ ದೃಷ್ಟಿಗೆ ಸಿವೆಲ್‌ನ ಕೃತಿ ವ್ಯಾಪಕ ಪ್ರಚಾರ ನೀಡಿತು. ನಂತರದ ಹಲವು ವಿದ್ವಾಂಸರು ಇದನ್ನು ಪ್ರಶ್ನಿಸಿದ್ದಾರೆ. ವಿಜಯನಗರದ ಅರಸರು 'ಹಿಂದುರಾಯ ಸುರತ್ರಾಣ' ಎಂಬ ಬಿರುದಿನಲ್ಲಿ ಸುಲ್ತಾನ ಪದವನ್ನೇ ಧರಿಸಿದ್ದು, ಕೃಷ್ಣದೇವರಾಯ 'ಯವನರಾಜ್ಯ ಸ್ಥಾಪನಾಚಾರ್ಯ' ಎನಿಸಿಕೊಂಡದ್ದು, ರಾಮರಾಯ ಯೌವನದಲ್ಲಿ ಗೋಲ್ಕೊಂಡದ ಸೇವೆಯಲ್ಲಿದ್ದದ್ದು ಮತಗಳ ಎಲ್ಲೆಯನ್ನು ಮೀರಿದ ರಾಜಕಾರಣವನ್ನು ತೋರುತ್ತವೆ. ಯುದ್ಧಗಳಲ್ಲಿ ಮತೀಯ ಭಾಷೆ ಬಳಕೆಯಾದದ್ದೂ, ಸಾಮಾನ್ಯ ಜನರು ಅದರಿಂದ ನೊಂದದ್ದೂ ನಿಜ. ಆದರೆ ಅದೊಂದೇ ಕಾರಣವಲ್ಲವೆಂಬುದು ಈ ವಿದ್ವಾಂಸರ ನಿಲುವು.

ಸ್ಮೃತಿಯೊಂದೇ ಜನಬೆಂಬಲವನ್ನು ಸೃಷ್ಟಿಸುವುದಿಲ್ಲ ಎಂಬುದನ್ನೂ ಈ ಪ್ರದೇಶದ ಇತಿಹಾಸ ಹೇಳುತ್ತದೆ. ಅದಕ್ಕೆ ಸದ್ಯದ ಒಂದು ಕೊರತೆ, ಅದನ್ನು ಮಾತಾಗಿಸುವ ನಾಯಕತ್ವ ಮತ್ತು ಅದನ್ನು ಹರಡುವ ಪಠ್ಯ, ಆಚರಣೆ, ಸಭೆಗಳು ಜೊತೆಗೂಡಬೇಕಾಗುತ್ತದೆ. 1520ರಲ್ಲಿ ಉಯಿಲಿನ ಜೊತೆ ಕುದುರೆಯ ಹಣ ಕೂಡಿತು. 2003ರಲ್ಲಿ 1956ರ ವಿಭಜನೆಯ ಜೊತೆ ಒಣಗಿದ ಕಾಲುವೆ ಕೂಡಿತು. ಇಂದು ರಾಯಚೂರು ದೋಆಬಿನ ಮೇಲೆ ಯಾವ ರಾಜ್ಯವೂ ಸಶಸ್ತ್ರ ಹಕ್ಕು ಸಾಧಿಸುತ್ತಿಲ್ಲ. ರಾಜೋಳಿಬಂಡಾ ಕಾಲುವೆಯ ನೀರಿನ ಹಂಚಿಕೆ ಮಾತ್ರ ರಾಜ್ಯಗಳ ನಡುವೆ ಚರ್ಚೆಯ ವಿಷಯವಾಗಿ ಮುಂದುವರಿದಿದೆ.